ಅಕಿರಾ ಮಾಯೆದಾ

ಅಕಿರಾ ಮಾಯೆದಾ ಜಪಾನಿನ ವೃತ್ತಿಪರ ಕುಸ್ತಿಪಟು ಹಾಗೂ ಕಾದಾಟದ ಕ್ರೀಡೆಗಳ ಸಂಘಟಕರು. 1959ರ ಜನವರಿ 24ರಂದು ಒಸಾಕಾ ನಗರದಲ್ಲಿ ಜನಿಸಿದ ಅವರು ಕರಾಟೆಯಿಂದ ಕುಸ್ತಿಗೆ ಬಂದು, 1978ರಿಂದ 1999ರವರೆಗೆ ಕಣದಲ್ಲಿದ್ದು, ಸೋಲು-ಗೆಲುವು ಮೊದಲೇ ಗೊತ್ತಾಗಿರುವ ಪ್ರದರ್ಶನವಾಗಿ ಬೆಳೆದಿದ್ದ ವೃತ್ತಿಕುಸ್ತಿಯನ್ನು ನೈಜ ಕಾದಾಟದ ಅಂಚಿನವರೆಗೆ ಕೊಂಡೊಯ್ದರು. ಅವರು ಗೆದ್ದ ಪಟ್ಟಗಳ ಸಂಖ್ಯೆ ದೊಡ್ಡದಲ್ಲ. ಆದರೆ ಅವರು ಕಟ್ಟಿದ ಅಥವಾ ಕಟ್ಟಲು ಹೆಗಲು ಕೊಟ್ಟ ಮೂರು ಸಂಸ್ಥೆಗಳಿಂದ ಹಾಗೂ ಆ ಸಂಸ್ಥೆಗಳು ಒಡೆದು ಹುಟ್ಟಿದ ಇತರ ಸಂಸ್ಥೆಗಳಿಂದ ಇಂದಿನ ಮಿಶ್ರ ಸಮರಕಲೆಯ ಜಪಾನೀ ಶಾಖೆಯ ಬಹುಭಾಗ ಟಿಸಿಲೊಡೆದಿರುವುದರಿಂದ, ಆ ಕ್ರೀಡೆಯ ಚರಿತ್ರೆಯಲ್ಲಿ ಅವರಿಗೆ ಅನಿವಾರ್ಯವಾದ ಸ್ಥಾನವಿದೆ.

ವೃತ್ತಿಕುಸ್ತಿ ಎಂಬುದನ್ನು ಇಲ್ಲಿ ಗರಡಿಯ ಕುಸ್ತಿಯ ಅರ್ಥದಲ್ಲಿ ತೆಗೆದುಕೊಳ್ಳುವಂತಿಲ್ಲ. ಗರಡಿಯ ಪೈಲ್ವಾನರು ಅಖಾಡದ ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡುವುದಕ್ಕಾಗಿ ನಿಜವಾಗಿಯೇ ಸೆಣಸುತ್ತಾರೆ. ಅಮೆರಿಕದಲ್ಲಿ ರೂಪುಗೊಂಡು ಜಪಾನಿಗೆ ಬಂದ ವೃತ್ತಿಕುಸ್ತಿಯಲ್ಲಾದರೋ ಹಗ್ಗ ಬಿಗಿದ ಚೌಕಾಕಾರದ ಕಣದಲ್ಲಿ ಇಬ್ಬರು ಜಟ್ಟಿಗಳು ಪರಸ್ಪರ ಸಹಕರಿಸಿ, ಯಾರು ಗೆಲ್ಲಬೇಕೆಂಬುದನ್ನು ಸಂಘಟಕರು ಮುಂಚೆಯೇ ನಿರ್ಧರಿಸಿರುವ ಪಂದ್ಯವನ್ನು ಆಡಿ ತೋರಿಸುತ್ತಾರೆ. ಹೊಡೆತದ ನೋವು, ಬಿದ್ದ ಪೆಟ್ಟು, ದೇಹದ ದಣಿವು ಎಲ್ಲವೂ ನಿಜವಾಗಿದ್ದರೂ ಸ್ಪರ್ಧೆ ಮಾತ್ರ ನಿಜವಲ್ಲ. ಈ ಒಳಗುಟ್ಟನ್ನು ಪ್ರೇಕ್ಷಕರಿಗೆ ಬಿಟ್ಟುಕೊಡದಿರುವುದು ಈ ವೃತ್ತಿಯವರು ದಶಕಗಳ ಕಾಲ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ನಿಯಮವಾಗಿತ್ತು.

ಜಪಾನಿನಲ್ಲಿ ಈ ಪ್ರದರ್ಶನವನ್ನು ಬೇರೂರಿಸಿದವರು ಸುಮೋ ಕುಸ್ತಿಯಿಂದ ಬಂದ, ಕೊರಿಯನ್ ಮೂಲದ ರಿಕಿದೋಜಾನ್. ಯುದ್ಧದಲ್ಲಿ ಸೋತು ಅಮೆರಿಕನ್ ಸೇನೆಯ ಆಡಳಿತವನ್ನು ಕಂಡಿದ್ದ ದೇಶದಲ್ಲಿ, 1954ರಿಂದ ಅವರು ವಿದೇಶಿ ಜಟ್ಟಿಗಳನ್ನು ಕೈಯಂಚಿನ ಏಟುಗಳಿಂದ ಉರುಳಿಸುವುದನ್ನು ಜನರು ಬೀದಿಬದಿಯ ದೂರದರ್ಶನ ಪೆಟ್ಟಿಗೆಗಳ ಮುಂದೆ ನೆರೆದು ನೋಡಿದರು. ಅವರ ಶಿಷ್ಯ ಆಂಟೋನಿಯೊ ಇನೋಕಿ 1972ರಲ್ಲಿ ಸ್ಥಾಪಿಸಿದ ನ್ಯೂ ಜಪಾನ್ ಪ್ರೊ ಕುಸ್ತಿ ಸಂಸ್ಥೆಯು, ವೃತ್ತಿಕುಸ್ತಿಯೇ ಎಲ್ಲ ಸಮರಕಲೆಗಳಿಗಿಂತ ಬಲವಾದುದೆಂಬ ಘೋಷಣೆಯನ್ನು ಮುಂದಿಟ್ಟು, ಜೂಡೋ ಹಾಗೂ ಮುಷ್ಟಿಕಾಳಗದ ಹೆಸರಾಂತ ಪಟುಗಳನ್ನು ಇನೋಕಿಯವರ ಎದುರು ನಿಲ್ಲಿಸಿತು. ಇವುಗಳಲ್ಲಿ 1976ರ ಜೂನ್ 26ರಂದು ಟೋಕಿಯೊದ ಬುದೋಕಾನ್ ಸಭಾಂಗಣದಲ್ಲಿ ಮುಹಮ್ಮದ್ ಅಲಿ ಅವರೊಂದಿಗೆ ನಡೆದ 15 ಸುತ್ತುಗಳ ಪಂದ್ಯ ಎಲ್ಲಕ್ಕಿಂತ ಪ್ರಸಿದ್ಧ. ಇನೋಕಿ ಬಹುಪಾಲು ಹೊತ್ತು ನೆಲದ ಮೇಲೆ ಮಲಗಿಯೇ ಅಲಿಯ ಕಾಲುಗಳಿಗೆ ಒದೆಯುತ್ತಿದ್ದ, ಕಡೆಗೆ ಡ್ರಾ ಆದ ಆ ಪಂದ್ಯವನ್ನು ಪತ್ರಿಕೆಗಳು ಹೀಗಳೆದವು. ಆದರೂ ಅದು ಎತ್ತಿದ ಪ್ರಶ್ನೆ, ಅಂದರೆ ಬೇರೆ ಬೇರೆ ಪದ್ಧತಿಗಳ ಪಟುಗಳು ಒಂದೇ ನಿಯಮದಡಿ ಸೆಣಸಿದರೆ ಏನಾದೀತು ಎಂಬ ಪ್ರಶ್ನೆ, ಮಾಯೆದಾ ಅವರ ಪೀಳಿಗೆಯ ಯುವಕರ ಮನಸ್ಸಿನಲ್ಲಿ ಉಳಿಯಿತು.

ಒಸಾಕಾದಲ್ಲಿ ನೆಲೆಸಿದ್ದ ಕೊರಿಯನ್ ಮೂಲದ ಕುಟುಂಬವೊಂದರಲ್ಲಿ ಹುಟ್ಟಿದ ಮಾಯೆದಾ ಬಾಲ್ಯದಲ್ಲಿ ಶೋರಿಂಜಿ ಕೆಂಪೋ ಎಂಬ ಜಪಾನೀ ಸಮರಕಲೆಯನ್ನೂ, ಬೆಳೆದ ಮೇಲೆ ಕರಾಟೆಯನ್ನೂ ಅಭ್ಯಾಸ ಮಾಡಿದರು. ಹುಟ್ಟಿದ ನೆಲದಲ್ಲಿಯೇ ವಿದೇಶಿಯರೆಂದು ದಾಖಲಾಗುವ ಜಪಾನಿನ ಕೊರಿಯನ್ ಸಮುದಾಯದ ಸ್ಥಿತಿಯನ್ನು ಅವರು ಬಲ್ಲವರಾಗಿದ್ದರು. ಮುಂದೆ ಜಪಾನೀ ಪೌರತ್ವ ಪಡೆದ ಮೇಲೂ ತಮ್ಮ ಮೂಲವನ್ನು ಅವರು ಮರೆಮಾಚಲಿಲ್ಲ. ರಿಕಿದೋಜಾನ್ ಜೀವಮಾನವಿಡೀ ಅದನ್ನು ಸಾರ್ವಜನಿಕರಿಂದ ಮುಚ್ಚಿಡಬೇಕಾಗಿ ಬಂದಿದ್ದುದನ್ನು ನೆನೆದರೆ ಈ ನಡೆಯ ಮಹತ್ವ ತಿಳಿಯುತ್ತದೆ. ಸುಮಾರು 190 ಸೆಂಟಿಮೀಟರ್ ಎತ್ತರದ ಈ ಕರಾಟೆ ಯುವಕನನ್ನು ಗುರುತಿಸಿದವರು ಆಗ ನ್ಯೂ ಜಪಾನ್ ಸಂಸ್ಥೆಯ ಕಿರಿಯ ಜಟ್ಟಿಯಾಗಿದ್ದ ಸತೋರು ಸಾಯಾಮಾ. ಸಂಸ್ಥೆಯನ್ನು ಸೇರಿದ ಮಾಯೆದಾ 1978ರ ಆಗಸ್ಟ್ 25ರಂದು ನಾಗಾಓಕಾ ನಗರದಲ್ಲಿ, ಕಿರಿಯರನ್ನು ತರಬೇತುಗೊಳಿಸುತ್ತಿದ್ದ ಕೋತೆತ್ಸು ಯಾಮಾಮೋತೋ ಅವರ ಎದುರು ಮೊದಲ ಪಂದ್ಯವಾಡಿದರು.

ನ್ಯೂ ಜಪಾನ್ ಸಂಸ್ಥೆಯ ತರಬೇತಿಯ ಹಿಂದೆ ಇದ್ದ ಪ್ರಭಾವ ಕಾರ್ಲ್ ಗಾಚ್ ಅವರದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಲ್ಜಿಯಂ ಪರವಾಗಿ ಕುಸ್ತಿಯಾಡಿದ್ದ ಗಾಚ್, ಆ ಬಳಿಕ ಇಂಗ್ಲೆಂಡಿನ ಗಣಿ ಪಟ್ಟಣವಾದ ವಿಗನ್‌ನಲ್ಲಿ ಬಿಲ್ಲಿ ರೈಲಿ ನಡೆಸುತ್ತಿದ್ದ ಕಠಿಣ ಗರಡಿಯಲ್ಲಿ ಪಳಗಿ, ಎದುರಾಳಿಯ ಕೀಲುಗಳನ್ನು ತಿರುಚಿ ಶರಣಾಗಿಸುವ ಪಟ್ಟುಗಳಲ್ಲಿ ಪ್ರವೀಣರಾಗಿದ್ದರು. ಅವರ ಸಾಮಿನ ಕ್ರಮದಲ್ಲಿ ಭಾರತದ ಪೈಲ್ವಾನರ ದಂಡ ಮತ್ತು ಬಸ್ಕಿಗಳಿಗೆ ಮುಖ್ಯ ಸ್ಥಾನವಿತ್ತು. ಜಪಾನಿನ ಕುಸ್ತಿಶಾಲೆಗಳಲ್ಲಿ ಬಸ್ಕಿಗೆ ಇಂದಿಗೂ ಹಿಂದೂ ಸ್ಕ್ವಾಟ್ ಎಂಬ ಹೆಸರೇ ಬಳಕೆಯಲ್ಲಿದ್ದು, ಹೊಸಬರು ಅದನ್ನು ನೂರುಗಟ್ಟಲೆ ಹೊಡೆಯಬೇಕಾಗುತ್ತದೆ. ಕರ್ನಾಟಕದ ಗರಡಿಮನೆಗಳನ್ನು ಬಲ್ಲ ಓದುಗರಿಗೆ ಮಾಯೆದಾ ಅವರ ಆರಂಭದ ದಿನಚರಿ ಈ ಮಟ್ಟಿಗೆ ಪರಿಚಿತವೆನಿಸಬಹುದು. ಗಾಚ್ ಕಲಿಸಿದ ಪಟ್ಟುಗಳನ್ನು ಪ್ರದರ್ಶನದಲ್ಲಿ ಪೂರ್ತಿಯಾಗಿ ಪ್ರಯೋಗಿಸುವಂತಿರಲಿಲ್ಲ. ತರಬೇತಿಯ ಕೋಣೆಯಲ್ಲಿ ಕಿರಿಯರು ಅವುಗಳನ್ನು ಒಬ್ಬರ ಮೇಲೊಬ್ಬರು ನಿಜವಾಗಿ ಹಾಕಿ ಸೆಣಸುತ್ತಿದ್ದರು. ಕೋಣೆಯೊಳಗಿನ ಈ ನೈಜ ಸೆಣಸಾಟಕ್ಕೂ ಪ್ರೇಕ್ಷಕರ ಎದುರಿನ ಆಟಕ್ಕೂ ನಡುವೆ ಇದ್ದ ಅಂತರವೇ ಮಾಯೆದಾ ಅವರ ವೃತ್ತಿಜೀವನದ ಮುಂದಿನ ಎಲ್ಲ ಜಗಳಗಳಿಗೂ ಎಲ್ಲ ಸಾಧನೆಗಳಿಗೂ ಮೂಲ.

1982ರಲ್ಲಿ ಅವರನ್ನು ಬ್ರಿಟನ್ನಿಗೆ ಕಳುಹಿಸಲಾಯಿತು. ಅಲ್ಲಿ ಸ್ಯಾಮಿ ಲೀ ಎಂಬ ಹೆಸರಿನಲ್ಲಿ ಜನಪ್ರಿಯರಾಗಿದ್ದ ಸಾಯಾಮಾ ಅವರ ಸಹೋದರನೆಂಬಂತೆ, ಕ್ವಿಕ್ ಕಿಕ್ ಲೀ ಎಂಬ ಹೆಸರಿನಲ್ಲಿ ಆಡಿ, 1983ರ ವಸಂತದಲ್ಲಿ ಹಿಂದಿರುಗಿದರು. ಅವರನ್ನು ಇನೋಕಿಯವರ ಉತ್ತರಾಧಿಕಾರಿಗಳ ಸಾಲಿನಲ್ಲಿ ನಿಲ್ಲಿಸುವ ಸೂಚನೆಗಳು ಆಗಲೇ ಕಾಣಿಸಿಕೊಂಡಿದ್ದವು.

1984ರಲ್ಲಿ ನ್ಯೂ ಜಪಾನ್ ಸಂಸ್ಥೆಯ ಒಳಜಗಳದಿಂದ ಹೊರಬಿದ್ದ ಮಾಯೆದಾ ಮೊದಲಾದವರು ಸೇರಿ ಸಾರ್ವತ್ರಿಕ ಕುಸ್ತಿ ಒಕ್ಕೂಟ, ಅಂದರೆ ಯುಡಬ್ಲ್ಯುಎಫ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಮೊದಲ ಪ್ರದರ್ಶನ ಏಪ್ರಿಲ್ 11ರಂದು ಸೈತಾಮಾ ಪ್ರಾಂತದ ಓಮಿಯಾದಲ್ಲಿ ನಡೆದಾಗ ಅದು ಇತರ ಸಂಸ್ಥೆಗಳಿಗಿಂತ ಬೇರೆಯಾಗೇನೂ ಇರಲಿಲ್ಲ. ಗಾಚ್ ಅವರ ನಿಷ್ಠಾವಂತ ಶಿಷ್ಯರಾದ ಯೋಶಿಯಾಕಿ ಫುಜಿವಾರಾ, ಕಿರಿಯರಾದ ನೊಬುಹಿಕೊ ತಾಕಾದಾ, ಮತ್ತು ಹುಲಿಮುಖವಾಡದ ಪಾತ್ರದಿಂದ ಮಕ್ಕಳ ಆರಾಧ್ಯರಾಗಿದ್ದು ಆ ಪಾತ್ರವನ್ನು ತೊರೆದಿದ್ದ ಸಾಯಾಮಾ ಬಂದು ಸೇರಿದ ಮೇಲೆ ಅದರ ಸ್ವರೂಪ ಬದಲಾಯಿತು. ಎದುರಾಳಿಯನ್ನು ಹಗ್ಗಕ್ಕೆ ಎಸೆದರೆ ಅವನು ಪುಟಿದು ಹಿಂದಿರುಗಿ ಬರುವುದು, ಕಣದ ಹೊರಗೆ ಕುರ್ಚಿಗಳಿಂದ ಬಡಿದಾಡುವುದು, ತೀರ್ಪುಗಾರ ನೋಡದಿರುವಾಗ ಮೋಸ ಮಾಡುವುದು ಮುಂತಾದ ರೂಢಿಯ ಆಟಗಳನ್ನು ಕೈಬಿಟ್ಟು, ಅವುಗಳ ಸ್ಥಾನದಲ್ಲಿ ಕರಾಟೆ ಹಾಗೂ ಕಿಕ್‌ಬಾಕ್ಸಿಂಗಿನ ಒದೆತಗಳನ್ನೂ ಗಾಚ್ ಪರಂಪರೆಯ ಕೀಲುಪಟ್ಟುಗಳನ್ನೂ ತಂದರು. ನೈಜ ಕಾದಾಟಕ್ಕೆ ಈ ವೃತ್ತಿಯವರ ಒಳಮಾತಿನಲ್ಲಿ ಶೂಟ್ ಎಂಬ ಹೆಸರಿದ್ದುದರಿಂದ ಈ ಬಗೆಯ ಕುಸ್ತಿಗೆ ಶೂಟ್ ಶೈಲಿ ಎಂಬ ಹೆಸರು ನಿಂತಿತು. ಹೆಸರಿನಲ್ಲಿ ನೈಜತೆಯಿದ್ದರೂ ಫಲಿತಾಂಶಗಳು ಇಲ್ಲಿಯೂ ಪೂರ್ವನಿಶ್ಚಿತವಾಗಿಯೇ ಇದ್ದವು. ಬದಲಾದದ್ದು ಪಂದ್ಯದ ಒಳಗಿನ ತರ್ಕ. ಹಾಕಿದ ಪಟ್ಟು ನಿಜವಾದ ಪಟ್ಟಾಗಿರಬೇಕು, ಬಿದ್ದ ಒದೆತ ನಿಜವಾದ ಒದೆತವಾಗಿರಬೇಕು, ಸೋಲು ಅವುಗಳಿಂದಲೇ ಬರಬೇಕು ಎಂಬುದು ಆ ತರ್ಕ.

ಒಕ್ಕೂಟದ ಒಳಗೆ ಸಾಯಾಮಾ ಮತ್ತು ಮಾಯೆದಾ ನಡುವೆ ದಾರಿ ಕವಲೊಡೆಯಿತು. ಸಾಯಾಮಾ ಪ್ರದರ್ಶನವನ್ನು ಪೂರ್ತಿ ತೊರೆದು ಹೊಸ ಸ್ಪರ್ಧಾತ್ಮಕ ಕ್ರೀಡೆಯೊಂದನ್ನು ಕಟ್ಟುವ ಕಡೆಗೆ ವಾಲಿದರೆ, ವೃತ್ತಿಕುಸ್ತಿಯ ಒಳಗಿದ್ದುಕೊಂಡೇ ಅದನ್ನು ಬದಲಿಸಬೇಕೆಂಬುದು ಮಾಯೆದಾ ಅವರ ನಿಲುವಾಗಿತ್ತು. 1985ರ ಸೆಪ್ಟೆಂಬರ್ 2ರಂದು ಒಸಾಕಾದಲ್ಲಿ ಇವರಿಬ್ಬರ ನಡುವೆ ನಡೆದ ಪಂದ್ಯ ಸಹಕಾರದ ಎಲ್ಲೆ ಮೀರಿ ಹಗೆಯ ಸೆಣಸಾಟವಾಗಿ, ಹೊಟ್ಟೆಯ ಕೆಳಗೆ ಒದೆ ಬಿತ್ತೆಂಬ ಕಾರಣದ ಮೇಲೆ ನಿಂತುಹೋಯಿತು. ಅದೇ ತಿಂಗಳು ಸಂಸ್ಥೆ ತನ್ನ ಕೊನೆಯ ಪ್ರದರ್ಶನವನ್ನು ನೀಡಿತು. ಸಾಯಾಮಾ ತಮ್ಮ ದಾರಿಯಲ್ಲಿ ಮುಂದುವರಿದು ಶೂಟೊ ಎಂಬ ನೈಜ ಸ್ಪರ್ಧೆಯನ್ನು ರೂಪಿಸಿದರು. ಅದರ ವೃತ್ತಿಪರ ಪಂದ್ಯಗಳು 1989ರಲ್ಲಿ ಆರಂಭವಾದವು. ಮಾಯೆದಾ ಮತ್ತು ಸಂಗಡಿಗರು 1986ರಲ್ಲಿ ನ್ಯೂ ಜಪಾನ್ ಸಂಸ್ಥೆಗೆ ಹಿಂದಿರುಗಿದರು. ಶುದ್ಧತೆಯ ಅಳತೆಗೋಲಿನಿಂದ ನೋಡಿದರೆ ಸಾಯಾಮಾ ಅವರ ಆಯ್ಕೆಯೇ ಮೇಲು. ಆದರೆ ಲಕ್ಷಾಂತರ ಸಾಮಾನ್ಯ ಪ್ರೇಕ್ಷಕರ ಕಣ್ಣನ್ನು ಹೊಸ ಬಗೆಯ ಕಾದಾಟಕ್ಕೆ ಪಳಗಿಸಿದ್ದು ಮಾಯೆದಾ ಅವರ ಆಯ್ಕೆ.

ಹಿಂದಿರುಗಿದ ಮೇಲಿನ ಎರಡು ವರ್ಷಗಳು ಅವರ ಕಣಜೀವನದ ಅತ್ಯಂತ ಬಿರುಸಿನ ಕಾಲ. 1986ರ ಏಪ್ರಿಲ್ 29ರಂದು ಮಿಎ ಪ್ರಾಂತದ ತ್ಸು ನಗರದಲ್ಲಿ ಅವರ ಎದುರು ನಿಂತವರು ದೈತ್ಯದೇಹಿ ಫ್ರೆಂಚ್ ಜಟ್ಟಿ ಆಂದ್ರೆ ದ ಜಯಂಟ್. ಆಂದ್ರೆ ಆರಂಭದಿಂದಲೂ ಸಹಕರಿಸಲು ನಿರಾಕರಿಸಿ, ಹಿಡಿತಕ್ಕೆ ಸಿಕ್ಕಾಗ ತಮ್ಮ ಭಾರವನ್ನೆಲ್ಲ ಹೇರತೊಡಗಿದಾಗ, ಇದು ಆಟವಲ್ಲವೆಂದು ಅರಿತ ಮಾಯೆದಾ ದೂರ ನಿಂತು ಅವರ ಮೊಣಕಾಲುಗಳಿಗೆ ಮತ್ತೆ ಮತ್ತೆ ಒದೆಯತೊಡಗಿದರು. ಸುಮಾರು 26 ನಿಮಿಷಗಳ ಬಳಿಕ ಆಂದ್ರೆ ಕಣದ ನಡುವೆ ತಾವಾಗಿಯೇ ಮಲಗಿಬಿಟ್ಟರು. ಪಂದ್ಯ ಫಲಿತಾಂಶವಿಲ್ಲದೆ ಮುಗಿಯಿತು. ದೂರದರ್ಶನ ಸಂಸ್ಥೆ ಇದನ್ನು ಪ್ರಸಾರ ಮಾಡದೆ ತಡೆಹಿಡಿದರೂ ಚಿತ್ರೀಕರಿಸಿದ ಭಾಗ ಕೈಯಿಂದ ಕೈಗೆ ಹರಡಿ, ವೃತ್ತಿಕುಸ್ತಿಯ ಒಪ್ಪಂದ ಮುರಿದುಬಿದ್ದರೆ ಕಣದಲ್ಲಿ ಏನಾಗುತ್ತದೆಂಬುದಕ್ಕೆ ಇಂದಿಗೂ ಅಧ್ಯಯನಯೋಗ್ಯ ಸಾಕ್ಷಿಯಾಗಿ ಉಳಿದಿದೆ. ಇದಾದ ಸುಮಾರು ಆರು ವಾರಗಳ ಬಳಿಕ, ಜೂನ್ 12ರಂದು, ಒಸಾಕಾದಲ್ಲಿ ತತ್ಸುಮಿ ಫುಜಿನಾಮಿ ಅವರೊಂದಿಗೆ ಆಡಿದ ಪಂದ್ಯ ಇದಕ್ಕೆ ತೀರ ವಿರುದ್ಧವಾದ ಗುಣದ್ದು: ಸಾಂಪ್ರದಾಯಿಕ ಕುಸ್ತಿಯ ಕುಶಲಿಯೊಬ್ಬರು ಶೂಟ್ ಶೈಲಿಯ ಒದೆತಗಳನ್ನು ಹಿಂಜರಿಯದೆ ಮೈಮೇಲೆ ತೆಗೆದುಕೊಂಡು ಅವುಗಳಿಗೆ ಉತ್ತರ ಕೊಟ್ಟ, ಕಡೆಗೆ ಇಬ್ಬರೂ ಏಳಲಾರದೆ ಸಮನಾಗಿ ಮುಗಿದ ಆ ಪಂದ್ಯಕ್ಕೆ ಕ್ರೀಡಾಪತ್ರಿಕೆ ಟೋಕಿಯೊ ಸ್ಪೋರ್ಟ್ಸ್ ನೀಡುವ ವರ್ಷದ ಶ್ರೇಷ್ಠ ಪಂದ್ಯದ ಮನ್ನಣೆ ದೊರೆಯಿತು.

ಅದೇ ವರ್ಷದ ಅಕ್ಟೋಬರ್ 9ರಂದು ಟೋಕಿಯೊದ ಸುಮೋ ಸಭಾಂಗಣವಾದ ರ್ಯೋಗೊಕು ಕೊಕುಗಿಕಾನ್‌ನಲ್ಲಿ ಇನೋಕಿಯವರು ಮಾಜಿ ವಿಶ್ವ ಹೆವಿವೇಟ್ ಚಾಂಪಿಯನ್ ಲಿಯಾನ್ ಸ್ಪಿಂಕ್ಸ್ ಅವರನ್ನು ಎದುರಿಸುವುದು ಮುಖ್ಯ ಆಕರ್ಷಣೆಯಾಗಿತ್ತು. ಪ್ರೇಕ್ಷಕರು ನೆನಪಿನಲ್ಲಿಟ್ಟುಕೊಂಡದ್ದಾದರೋ ಅದಕ್ಕೆ ಮೊದಲು ಮಾಯೆದಾ ಅವರು ಅಮೆರಿಕದ ಕಿಕ್‌ಬಾಕ್ಸರ್ ಡಾನ್ ನಕಾಯಾ ನೀಲ್ಸನ್ ಅವರೊಂದಿಗೆ ಆಡಿದ ಪಂದ್ಯವನ್ನು. ಒದೆತ ಬಲ್ಲ ಜಟ್ಟಿಯೂ ಒದೆತವನ್ನೇ ಕಸುಬಾಗಿಸಿಕೊಂಡವರೂ ಸಮಬಲದಿಂದ ಸೆಣಸಿದ ಆ ಪಂದ್ಯವನ್ನು ಮಾಯೆದಾ ಐದನೆಯ ಸುತ್ತಿನಲ್ಲಿ, ಎದುರಾಳಿಯನ್ನು ಬೋರಲು ಕೆಡವಿ ಒಂದು ಕಾಲನ್ನು ಬೆನ್ನಿನತ್ತ ಮಡಿಸುವ ಪಟ್ಟಿನಿಂದ ಗೆದ್ದರು. ಕಾದಾಟದ ಹೊಸ ದೊರೆಯೆಂಬ ಬಿರುದು ಅವರಿಗೆ ಅಂಟಿಕೊಂಡದ್ದು ಆ ರಾತ್ರಿಯಿಂದ.

1987ರ ನವೆಂಬರ್ 19ರಂದು ಕೊರಾಕುಯೆನ್ ಸಭಾಂಗಣದಲ್ಲಿ ಮೂವರು ಮೂವರ ತಂಡಗಳ ಪಂದ್ಯವೊಂದರಲ್ಲಿ, ಎದುರು ತಂಡದ ರಿಕಿ ಚೋಶು ಅವರು ಮಾಯೆದಾ ಅವರ ಜೊತೆಗಾರ ಒಸಾಮು ಕಿದೋ ಅವರ ಕಾಲುಗಳನ್ನು ಪಟ್ಟಿನಲ್ಲಿ ಹಿಡಿದು ಎರಡೂ ಕೈ ಕಟ್ಟಿಹೋಗಿದ್ದಾಗ, ಮಾಯೆದಾ ಹಿಂಬದಿಯಿಂದ ಬಂದು ಅವರ ಮುಖಕ್ಕೆ ಒದ್ದರು. ಚೋಶು ಅವರ ಬಲಗಣ್ಣಿನ ಸುತ್ತಲ ಮೂಳೆ ಮುರಿಯಿತು. ಸಂಸ್ಥೆ ಮಾಯೆದಾ ಅವರನ್ನು ಅಮಾನತಿನಲ್ಲಿಟ್ಟು, ಶಿಕ್ಷೆಯ ರೂಪದಲ್ಲಿ ಮೆಕ್ಸಿಕೊಗೆ ಹೋಗಬೇಕೆಂದು ಸೂಚಿಸಿದಾಗ ಅವರು ಒಪ್ಪದೆ, 1988ರ ಫೆಬ್ರವರಿಯಲ್ಲಿ ವಜಾಗೊಂಡರು. ಈ ಘಟನೆಯನ್ನು ಅಭಿಮಾನಿಗಳು ಹುಸಿಯ ವಿರುದ್ಧ ನಿಜದ ದಂಗೆಯೆಂದು ಕೊಂಡಾಡಿದ್ದುಂಟು. ಹಾಗೆ ಕೊಂಡಾಡುವುದು ತಪ್ಪು. ತನ್ನ ದೇಹವನ್ನು ಎದುರಾಳಿಯ ನಂಬಿಕೆಗೆ ಒಪ್ಪಿಸಿ, ರಕ್ಷಿಸಿಕೊಳ್ಳಲು ಕೈ ಇಲ್ಲದಿರುವವನಿಗೆ ಒದೆಯುವುದು ನೈಜ ಸ್ಪರ್ಧೆಯೂ ಅಲ್ಲ, ಒಳ್ಳೆಯ ಪ್ರದರ್ಶನವೂ ಅಲ್ಲ. ಕರಾಟೆಯ ಶಿಸ್ತಿಗೂ ಗರಡಿಯ ಶಿಸ್ತಿಗೂ ಅದು ಸಮಾನವಾಗಿ ಹೊರತು. ಆದರೆ ಜನಪ್ರಿಯತೆಯ ಲೆಕ್ಕದಲ್ಲಿ ಆ ಒದೆತ ಮಾಯೆದಾ ಅವರನ್ನು ಕುಗ್ಗಿಸಲಿಲ್ಲ, ಮೇಲೇರಿಸಿತು.

ವಜಾಗೊಂಡ ಮೂರೇ ತಿಂಗಳಲ್ಲಿ, 1988ರ ಮೇ 12ರಂದು, ಮಾಯೆದಾ ಅವರ ಮುಂದಾಳತ್ವದ ಎರಡನೆಯ ಯುಡಬ್ಲ್ಯುಎಫ್ ಕೊರಾಕುಯೆನ್ ಸಭಾಂಗಣದಲ್ಲಿ ಕಾಲಿಟ್ಟಿತು. ಟಿಕೆಟ್‌ಗಳು ಮಾರಾಟಕ್ಕಿಟ್ಟ ಕೆಲವೇ ನಿಮಿಷಗಳಲ್ಲಿ ಖರ್ಚಾದವು. ಭುಜಗಳನ್ನು ನೆಲಕ್ಕೊತ್ತಿ ಮೂರು ಎಣಿಸಿ ಗೆಲ್ಲುವ ಕ್ರಮವನ್ನು ಈ ಸಂಸ್ಥೆ ಕೈಬಿಟ್ಟು, ಏಟಿಗೆ ಉರುಳಿ ಏಳಲಾಗದಿರುವುದು ಅಥವಾ ಪಟ್ಟಿಗೆ ಸಿಕ್ಕಿ ಶರಣಾಗುವುದು ಇವೆರಡನ್ನೇ ಸೋಲೆಂದು ಎಣಿಸಿತು. ತಿಂಗಳಿಗೊಂದೇ ಪ್ರದರ್ಶನ, ವೇಷಭೂಷಣಗಳಿಲ್ಲದ ಕಪ್ಪು ಚಡ್ಡಿ, ಮೊಣಕಾಲ ಕೆಳಗೆ ಒದೆತಕ್ಕೆ ತಕ್ಕ ಕವಚ, ಮಾತಿನ ಅಬ್ಬರವಿಲ್ಲದ ಗಂಭೀರ ಸಭಾಂಗಣ ಇವು ಅದರ ಗುರುತಾದವು. ವಾರವಾರದ ದೂರದರ್ಶನ ಪ್ರಸಾರದ ಬೆಂಬಲವಿಲ್ಲದೆಯೇ, ವಿಡಿಯೊ ಕ್ಯಾಸೆಟ್ ಮತ್ತು ನಿಯತಕಾಲಿಕೆಗಳ ಬಲದಿಂದ ಅದು ವಿದ್ಯಾರ್ಥಿಗಳನ್ನೂ ನಗರದ ಯುವ ನೌಕರರನ್ನೂ ಸೆಳೆದು ಒಂದು ಸಾಮಾಜಿಕ ವಿದ್ಯಮಾನವಾಯಿತು. 1988ರ ಆಗಸ್ಟಿನಲ್ಲಿ ಮಾಯೆದಾ ಎದುರಿಸಿದ ಡಚ್ ಪಟು ಜೆರಾರ್ಡ್ ಗೋರ್ಡೊ ಐದು ವರ್ಷಗಳ ಬಳಿಕ ಅಮೆರಿಕದಲ್ಲಿ ನಡೆದ ಮೊದಲ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯದಲ್ಲಿ ಹೋಯ್ಸ್ ಗ್ರೇಸಿ ಅವರಿಗೆ ಸೋತವರು ಎಂಬುದು, ಈ ಎರಡು ಲೋಕಗಳು ಎಷ್ಟು ಹತ್ತಿರವಿದ್ದವು ಎಂಬುದನ್ನು ತೋರುತ್ತದೆ. 1989ರ ನವೆಂಬರ್ 29ರಂದು ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ ಸುಮಾರು 60,000 ಪ್ರೇಕ್ಷಕರ ಮುಂದೆ ನಡೆದ ಪ್ರದರ್ಶನದ ಕೊನೆಯ ಪಂದ್ಯದಲ್ಲಿ ಮಾಯೆದಾ ಡಚ್ ಜೂಡೋ ಪಟು ವಿಲಿ ವಿಲ್ಹೆಲ್ಮ್ ಅವರನ್ನು ಸೋಲಿಸಿದರು. ಆದರೆ ಆಡಳಿತದೊಂದಿಗಿನ ವೈಮನಸ್ಸಿನಿಂದ 1990ರ ಕೊನೆಯಲ್ಲಿ ಅವರು ಅಮಾನತುಗೊಂಡು, 1991ರ ಜನವರಿಯಲ್ಲಿ ಸಂಸ್ಥೆಯೇ ಒಡೆಯಿತು. ತಾಕಾದಾ ಒಂದು ಗುಂಪನ್ನು, ಫುಜಿವಾರಾ ಮತ್ತೊಂದು ಗುಂಪನ್ನು ಕಟ್ಟಿದರು. ಫುಜಿವಾರಾ ಗುಂಪಿನಿಂದ ಹೊರಬಂದ ಮಾಸಾಕಾತ್ಸು ಫುನಾಕಿ ಮತ್ತು ಮಿನೋರು ಸುಜುಕಿ 1993ರಲ್ಲಿ ಪ್ಯಾಂಕ್ರೇಸ್ ಸಂಸ್ಥೆಯನ್ನು ಸ್ಥಾಪಿಸಿದರು.

ಮಾಯೆದಾ ಅವರ ಜೊತೆಗೆ ಯಾವ ಜಪಾನೀ ಜಟ್ಟಿಯೂ ಉಳಿಯಲಿಲ್ಲ. ಅವರ ಅತ್ಯುತ್ತಮ ಕೆಲಸ ಹುಟ್ಟಿದ್ದು ಈ ಒಂಟಿತನದಿಂದಲೇ. ಉಪಗ್ರಹ ವಾಹಿನಿ ವೌವೌ ನೀಡಿದ ಆರ್ಥಿಕ ಬೆಂಬಲದಿಂದ ಅವರು 1991ರಲ್ಲಿ ರಿಂಗ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಮೇ 11ರಂದು ಯೊಕೊಹಾಮಾ ಅರೀನಾದಲ್ಲಿ ಮೊದಲ ಪ್ರದರ್ಶನ ನಡೆಸಿದರು. ಅಂದು ಅವರ ಎದುರಾಳಿ ಡಚ್ ಪಟು ಡಿಕ್ ಫ್ರೇ. ಜಪಾನಿನಲ್ಲಿ ಸಂಗಡಿಗರಿಲ್ಲದಿದ್ದುದರಿಂದ ಅವರು ಹೊರದೇಶಗಳ ಗರಡಿಗಳನ್ನೇ ಒಂದು ಜಾಲವಾಗಿ ಹೆಣೆದರು. ನೆದರ್ಲೆಂಡ್ಸಿನಲ್ಲಿ ಜೂಡೋ ಮತ್ತು ಸಾಂಬೊ ಪಟು ಕ್ರಿಸ್ ಡೋಲ್ಮನ್ ಅವರ ಶಿಷ್ಯರು, ರಷ್ಯಾ, ಜಾರ್ಜಿಯಾ, ಬಲ್ಗೇರಿಯಾಗಳ ಕುಸ್ತಿಪಟುಗಳು ಈ ಜಾಲಕ್ಕೆ ಸೇರಿದರು. ಸೋವಿಯೆತ್ ಒಕ್ಕೂಟ ಕುಸಿದು, ಸರ್ಕಾರದ ಆಶ್ರಯದಲ್ಲಿ ಬೆಳೆದಿದ್ದ ಶ್ರೇಷ್ಠ ಪಟುಗಳು ಜೀವನೋಪಾಯ ಹುಡುಕುತ್ತಿದ್ದ ಕಾಲವದು. ಸಾಂಬೊ ಎಂಬುದು ಜೂಡೋವನ್ನೂ ಸೋವಿಯೆತ್ ನಾಡಿನ ಹಲವು ಜನಾಂಗಗಳ ದೇಸಿ ಕುಸ್ತಿಗಳನ್ನೂ ಬೆಸೆದು ರೂಪಿಸಿದ ಪದ್ಧತಿ. ಕಾಲಿನ ಕೀಲುಗಳ ಮೇಲಿನ ಪಟ್ಟುಗಳಲ್ಲಿ ಅದು ವಿಶೇಷವಾಗಿ ಸಮೃದ್ಧ. 1991ರ ಡಿಸೆಂಬರಿನಲ್ಲಿ ಮಾಯೆದಾ ಅವರ ಎದುರೇ ಮೊದಲ ಪಂದ್ಯವಾಡಿದ ದಾಗೆಸ್ತಾನದ ವೋಲ್ಕ್ ಹಾನ್, ನಿಂತಲ್ಲಿಂದಲೇ ಹಾರಿ ಎದುರಾಳಿಯ ತೋಳನ್ನೋ ಕಾಲನ್ನೋ ಹಿಡಿದು ನೆಲಕ್ಕೆ ಎಳೆಯುವ ಚಮತ್ಕಾರದಿಂದ ಈ ಕಲೆಯನ್ನು ಜಪಾನೀಯರ ಮನೆಮಾತಾಗಿಸಿದರು. ಹಾನ್ ಮತ್ತು ಮಾಯೆದಾ ಆಡಿದ ಪಂದ್ಯಗಳನ್ನು ಶೂಟ್ ಶೈಲಿಯ ಅತ್ಯುನ್ನತ ಕೃತಿಗಳೆಂದು ಎಣಿಸುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ರಿಂಗ್ಸ್‌ನ ಪಂದ್ಯಗಳಲ್ಲಿ ನಿಜವೆಷ್ಟು, ಗೊತ್ತುಪಡಿಸಿದ್ದೆಷ್ಟು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮೊದಲ ವರ್ಷಗಳಲ್ಲಿ ಮುಖ್ಯ ಪಂದ್ಯಗಳು ಪೂರ್ವನಿಶ್ಚಿತವಾಗಿದ್ದು, ಅದೇ ಸಂಜೆಯ ಬೇರೆ ಕೆಲವು ಪಂದ್ಯಗಳು ನೈಜ ಸ್ಪರ್ಧೆಗಳಾಗಿರುತ್ತಿದ್ದವು. ಕಾಲ ಕಳೆದಂತೆ ಎರಡನೆಯ ಬಗೆ ಹೆಚ್ಚಿತು. ಮಾಯೆದಾ ಅವರ ಸ್ವಂತ ಪಂದ್ಯಗಳು ಬಹುಪಾಲು ಮೊದಲ ಬಗೆಯವು. ಆದ್ದರಿಂದ ಅವರನ್ನು ಇಂದಿನ ಅರ್ಥದ ಸ್ಪರ್ಧಾಪಟುವೆಂದು ಅಳೆಯುವುದು ಸಲ್ಲದು. ಇತ್ತ 1990ರ ದಶಕದ ಮಧ್ಯದಲ್ಲಿ ಬ್ರೆಜಿಲ್‌ನ ಗ್ರೇಸಿ ಕುಟುಂಬದವರ ನೈಜ ಕಾದಾಟಗಳು ಜಪಾನನ್ನು ತಲುಪಿ, 1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ಮೊದಲ ಪ್ರೈಡ್ ಸ್ಪರ್ಧೆಯಲ್ಲಿ ತಾಕಾದಾ ಅವರು ಹಿಕ್ಸನ್ ಗ್ರೇಸಿ ಅವರಿಗೆ ಐದು ನಿಮಿಷಗಳೊಳಗೆ ಶರಣಾದಾಗ, ಶೂಟ್ ಶೈಲಿಯ ಜಟ್ಟಿಗಳೇ ಎಲ್ಲರಿಗಿಂತ ಬಲಿಷ್ಠರೆಂಬ ನಂಬಿಕೆ ಕುಸಿಯಿತು. ಆ ಹೊತ್ತಿಗೆ ಮಾಯೆದಾ ಅವರಿಗೆ ನಲವತ್ತು ಸಮೀಪಿಸಿತ್ತು, ಮೊಣಕಾಲಿನ ಹಳೆಯ ಗಾಯ ಅವರನ್ನು ಕಾಡುತ್ತಿತ್ತು.

ಅವರ ವಿದಾಯ ಪಂದ್ಯ 1999ರ ಫೆಬ್ರವರಿ 21ರಂದು ಯೊಕೊಹಾಮಾ ಅರೀನಾದಲ್ಲಿ ನಡೆಯಿತು. ಎದುರಾಳಿ ಅಲೆಕ್ಸಾಂಡರ್ ಕರೇಲಿನ್. 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಗ್ರೀಕೊ-ರೋಮನ್ ಕುಸ್ತಿಯ, ಅಂದರೆ ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಪದ್ಧತಿಯ ಅತಿಭಾರದ ವಿಭಾಗದಲ್ಲಿ ಚಿನ್ನ ಗೆದ್ದ, ಆಗ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹನ್ನೊಂದು ವರ್ಷಗಳಿಗೂ ಮೀರಿ ಸೋಲನ್ನೇ ಕಾಣದಿದ್ದ ರಷ್ಯನ್. ಕಾಲಿಗೆ ಕೆಲವು ಒದೆತಗಳನ್ನು ಹಾಕಿದ ಮೇಲೆ ಮಾಯೆದಾ ಅವರಿಗೆ ಮಾಡಲು ಹೆಚ್ಚೇನೂ ಉಳಿಯಲಿಲ್ಲ; ಕರೇಲಿನ್ ತಮ್ಮ ಎದುರಾಳಿಯನ್ನು ನೆಲದಿಂದ ಕಿತ್ತೆತ್ತಿ ಎಸೆದು, ಮೈಮೇಲೆ ಭಾರ ಹಾಕಿ, ಪಂದ್ಯವನ್ನು ತೀರ್ಪಿನ ಮೇಲೆ ಗೆದ್ದರು. ಸೋಲಿನಲ್ಲಿಯೂ ಈ ಪಂದ್ಯಕ್ಕೆ ಘನತೆಯಿತ್ತು: ವೃತ್ತಿಕುಸ್ತಿಯ ಜಟ್ಟಿಯೊಬ್ಬರು ಕೊನೆಯ ಪಂದ್ಯಕ್ಕೆ ಸುಲಭದ ಗೆಲುವನ್ನು ಆರಿಸಿಕೊಳ್ಳದೆ, ಜಗತ್ತಿನ ಅತ್ಯಂತ ಬಲಿಷ್ಠ ಕುಸ್ತಿಪಟುವನ್ನು ತಮ್ಮ ಕಣಕ್ಕೆ ಕರೆತಂದಿದ್ದರು.

ಕಣ ಬಿಟ್ಟ ಮೇಲೆ ಅವರು ರಿಂಗ್ಸ್ ಸಂಸ್ಥೆಯನ್ನು ಪೂರ್ತಿಯಾಗಿ ನೈಜ ಸ್ಪರ್ಧೆಗೆ ತಿರುಗಿಸಿದರು. 1999ರ ಅಕ್ಟೋಬರಿನಲ್ಲಿ ಆರಂಭವಾದ, 32 ಪಟುಗಳ ಕಿಂಗ್ ಆಫ್ ಕಿಂಗ್ಸ್ ಸರಣಿಯನ್ನು 2000ದ ಫೆಬ್ರವರಿಯಲ್ಲಿ ಅಮೆರಿಕದ ಡ್ಯಾನ್ ಹೆಂಡರ್ಸನ್ ಗೆದ್ದರು. ಮರುವರ್ಷದ ಸರಣಿಯನ್ನು ಬ್ರೆಜಿಲ್‌ನ ಆಂಟೋನಿಯೊ ರೊಡ್ರಿಗೊ ನೊಗೇರಾ ಗೆದ್ದರು. ರಷ್ಯಾದ ಫೆಡೋರ್ ಎಮೆಲಿಯಾನೆಂಕೊ ವೃತ್ತಿಪರ ಕಾದಾಟಕ್ಕೆ ಕಾಲಿಟ್ಟದ್ದೂ ಇದೇ ಸಂಸ್ಥೆಯ ಮೂಲಕ. ಆದರೆ ಪಟುಗಳು ಹೆಸರು ಮಾಡುತ್ತಿದ್ದಂತೆ ಹೆಚ್ಚು ಹಣವಿದ್ದ ಪ್ರೈಡ್ ಸಂಸ್ಥೆ ಅವರನ್ನು ಸೆಳೆದುಕೊಂಡಿತು. 2002ರ ಫೆಬ್ರವರಿ 15ರಂದು ಯೊಕೊಹಾಮಾದಲ್ಲಿ ರಿಂಗ್ಸ್ ತನ್ನ ಕೊನೆಯ ಪ್ರದರ್ಶನ ನೀಡಿ ಮುಚ್ಚಿತು. ಮರುವರ್ಷ ಪ್ರೈಡ್ ಹೆವಿವೇಟ್ ಪಟ್ಟಕ್ಕಾಗಿ ಸೆಣಸಿದ ನೊಗೇರಾ ಮತ್ತು ಎಮೆಲಿಯಾನೆಂಕೊ ಇಬ್ಬರೂ ರಿಂಗ್ಸ್‌ನಿಂದ ಹೋದವರು.

ಮಾಯೆದಾ 2005ರಲ್ಲಿ ಕೆ-1 ಸಂಸ್ಥೆಯ ಹೀರೋಸ್ ಎಂಬ ಮಿಶ್ರ ಸಮರಕಲೆ ಸರಣಿಯ ಮೇಲ್ವಿಚಾರಕರಾದರು. 2008ರಲ್ಲಿ ಅವರು ಆರಂಭಿಸಿದ ದಿ ಔಟ್‌ಸೈಡರ್ ಸ್ಪರ್ಧೆ ದಾರಿತಪ್ಪಿದ, ಬೀದಿ ಜಗಳಗಳಿಗೆ ಹೆಸರಾದ ಯುವಕರಿಗೆಂದೇ ಮೀಸಲಾದದ್ದು. ನಿಯಮ, ತೀರ್ಪುಗಾರ ಮತ್ತು ಎದುರಾಳಿಗೆ ಸಲ್ಲಿಸಬೇಕಾದ ನಮಸ್ಕಾರಗಳ ಚೌಕಟ್ಟಿನೊಳಗೆ ಅವರ ಆಕ್ರೋಶಕ್ಕೆ ದಾರಿಮಾಡಿಕೊಡುವುದು ಅದರ ಉದ್ದೇಶವಾಗಿತ್ತು. ಅಲ್ಲಿ ಪಳಗಿ ಮೇಲೆ ಬಂದವರಲ್ಲಿ ಮಿಕುರು ಮತ್ತು ಕಾಯ್ ಅಸಾಕುರಾ ಸಹೋದರರು ಪ್ರಮುಖರು. ಕಿರಿಯರಾದ ಕಾಯ್ 2024ರ ಡಿಸೆಂಬರಿನಲ್ಲಿ ಅಮೆರಿಕದ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ ಸಂಸ್ಥೆಯ ಫ್ಲೈವೇಟ್ ಪಟ್ಟಕ್ಕಾಗಿ ಸೆಣಸಿದರು.